ಮದುವೆಯಾಗಿ ಆರು ವರ್ಷದ ಮೇಲೆ ಹರ್ಪಿಸ್: ಗಂಡ ಮೋಸ ಮಾಡಿದ್ದಾರಾ?

ಪ್ರಶ್ನೆ: ಮದುವೆಯಾಗಿ ಆರು ವರ್ಷ. ಹೋದ ವಾರ ಗುಪ್ತಾಂಗದಲ್ಲಿ ಸಣ್ಣ ನೀರುಗುಳ್ಳೆಗಳೆದ್ದು, ಒಡೆದು ಹುಣ್ಣಾದವು. ಮೂತ್ರ ಮಾಡುವಾಗ ತಡೆಯಲಾಗದ ಉರಿ. ಡಾಕ್ಟರು ಹರ್ಪಿಸ್ ಎಂದರು. ನಾನು ಬೇರೆ ಯಾರ ಜೊತೆಗೂ ಸೇರಿಲ್ಲ. ಹಾಗಾದರೆ ನನ್ನ ಗಂಡ ಮೋಸ ಮಾಡಿದ್ದಾರೆ ಅಂತ ಅರ್ಥವಾ?

ಉತ್ತರ: ಹಾಗೆ ಹೇಳಲು ಬರುವುದಿಲ್ಲ. ನಿಮ್ಮ ಹುಣ್ಣು ಈಗ ಕಾಣಿಸಿದೆ, ಅಷ್ಟೇ. ಹರ್ಪಿಸ್ ವೈರಸ್ ಮೈಗೆ ಸೇರಿದ್ದು ಯಾವಾಗ ಎಂಬುದನ್ನು ಆ ಹುಣ್ಣು ಹೇಳುವುದಿಲ್ಲ.

ಈ ವೈರಸ್ ಚರ್ಮದ ಮೂಲಕ ಒಳಗೆ ಬಂದು, ನರಗಳ ದಾರಿ ಹಿಡಿದು ಬೆನ್ನುಮೂಳೆಯ ಕೆಳಭಾಗದ ಹತ್ತಿರವಿರುವ ನರಗಂಟುಗಳಲ್ಲಿ ಅಡಗಿ ಕೂರುತ್ತದೆ. ಕೆಲವರಿಗೆ 2ರಿಂದ 12 ದಿನದೊಳಗೆ ಗುಳ್ಳೆ ಏಳುತ್ತದೆ. ಜಾಸ್ತಿ ಜನರಿಗೆ ಏನೂ ಆಗುವುದಿಲ್ಲ, ಅಥವಾ ಬೆವರಿನ ತುರಿಕೆ ಎಂದುಕೊಂಡು ಸುಮ್ಮನಾಗುತ್ತಾರೆ. ವರ್ಷಗಳ ನಂತರ ಮೊದಲ ಸಲ ಹುಣ್ಣು ಕಾಣುವುದೂ ಉಂಟು. ನಿಮ್ಮ ಗಂಡನಿಗೆ ಮದುವೆಗೆ ಮೊದಲೇ ತಗುಲಿದ್ದು, ಅದು ಅವರಿಗೇ ಗೊತ್ತಿಲ್ಲದೆ ಇರಬಹುದು. ಹುಣ್ಣು ಇಲ್ಲದ ದಿನಗಳಲ್ಲೂ ಚರ್ಮದಿಂದ ವೈರಸ್ ಹೊರಬರುತ್ತಿರುತ್ತದೆ. ಈ ರೋಗ ಹೆಚ್ಚಾಗಿ ಹರಡುವುದೇ ಹಾಗೆ, ಕೊಡುವವರಿಗೂ ತಿಳಿಯದಂತೆ.

ಇನ್ನೊಂದು ದಾರಿಯೂ ಇದೆ. ಜ್ವರ ಬಂದು ಹೋದ ಮೇಲೆ ತುಟಿಯ ಅಂಚಿನಲ್ಲಿ ಗುಳ್ಳೆಗಳ ಗುಂಪು ಏಳುತ್ತದೆ, ಅಲ್ವಾ? 'ಜೇಡ ಉಚ್ಚೆ ಹೊಯ್ದಿದೆ' ಅಂತ ಹಿರಿಯರು ಹೇಳುವುದು. ಅದೂ ಹರ್ಪಿಸ್ಸೇ, ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನ ಮೊದಲ ಬಗೆಯಾದ ಎಚ್‌ಎಸ್‌ವಿ-1. ಎಷ್ಟೋ ಜನರಿಗೆ ಇದು ಚಿಕ್ಕಂದಿನಲ್ಲಿ ಮನೆಯವರ ಮುತ್ತಿನಿಂದಲೇ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಇದು ಇದೆ. ಅಂಥವರು ಬಾಯಿಯಿಂದ ಲೈಂಗಿಕ ಸುಖ ಕೊಟ್ಟಾಗ ಸಂಗಾತಿಯ ಗುಪ್ತಾಂಗಕ್ಕೆ ವೈರಸ್ ತಗುಲಬಹುದು. ಇಲ್ಲಿ ಮೂರನೆಯವರು ಬೇಕಾಗಿಯೇ ಇಲ್ಲ. ಗುಪ್ತಾಂಗದ ಹರ್ಪಿಸ್‌ಗೆ ಮುಖ್ಯ ಕಾರಣವಾದ ಎಚ್‌ಎಸ್‌ವಿ-2 ಮಾತ್ರ ಬಹುಪಾಲು ಲೈಂಗಿಕ ಸಂಪರ್ಕದಿಂದಲೇ ಬರುತ್ತದೆ.

ಟಾಯ್ಲೆಟ್ ಸೀಟು, ಈಜುಕೊಳ, ಒಟ್ಟಿಗೆ ಒಗೆದ ಬಟ್ಟೆ, ಇವುಗಳಿಂದ ಹರಡುವ ಭಯ ಬೇಡ. ಮೈಯಿಂದ ಹೊರಗೆ ಈ ವೈರಸ್ ಹೆಚ್ಚು ಹೊತ್ತು ಬದುಕುವುದಿಲ್ಲ. ಸರ್ಪಸುತ್ತಿಗೂ ಹರ್ಪಿಸ್ ಜೋಸ್ಟರ್ ಅಂತ ಹೆಸರಿರುವುದರಿಂದ ಗೊಂದಲವಾಗುತ್ತದೆ. ಅದು ಸೀತಾಳೆ ಸಿಡುಬಿನ ವೈರಸ್, ಬೇರೆಯೇ.

ಪರೀಕ್ಷೆಯ ವಿಷಯದಲ್ಲಿ ಸ್ವಲ್ಪ ಎಚ್ಚರ. ಹಸಿ ಹುಣ್ಣಿನಿಂದ ಸ್ವಾಬ್ ತೆಗೆದು, ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಒಳ್ಳೆಯದು, ಯಾವ ಬಗೆಯ ವೈರಸ್ ಎಂದೂ ಅದು ತಿಳಿಸುತ್ತದೆ. ರಕ್ತದಲ್ಲಿ ವೈರಸ್ ವಿರುದ್ಧದ ಪ್ರತಿಕಾಯ ಹುಡುಕುವ ಐಜಿಎಂ ಪರೀಕ್ಷೆಯನ್ನು ನೆಚ್ಚಿಕೊಂಡು 'ಇದು ಹೊಸದಾಗಿ ಬಂದದ್ದು' ಎಂದು ತೀರ್ಮಾನಿಸಬೇಡಿ. ಹಳೆಯ ಸೋಂಕು ಮರುಕಳಿಸಿದಾಗಲೂ ಅದು ಪಾಸಿಟಿವ್ ಬರಬಹುದು. ಆ ಒಂದು ಕಾಗದ ಹಿಡಿದು ಸಂಸಾರದಲ್ಲಿ ಜಗಳವಾಗುವುದು ನನಗೆ ನಿಜವಾಗಿಯೂ ಸಂಕಟದ ವಿಷಯ.

ವೈರಸ್ಸನ್ನು ಪೂರ್ತಿ ತೆಗೆದುಹಾಕುವ ಔಷಧ ಇನ್ನೂ ಇಲ್ಲ. ಆದರೆ ಅಸೈಕ್ಲೋವಿರ್, ವಾಲಾಸೈಕ್ಲೋವಿರ್ ಮಾತ್ರೆಗಳು ಹುಣ್ಣನ್ನು ಬೇಗ ಮಾಯಿಸುತ್ತವೆ, ಬೇಗ ಶುರು ಮಾಡಿದಷ್ಟೂ ಒಳ್ಳೆಯದು. ಮೊದಲ ಸಲದ ನೋವೇ ಸಾಮಾನ್ಯವಾಗಿ ಜಾಸ್ತಿ. ಮತ್ತೆ ಬಂದರೂ ಹಗುರವಾಗಿರುತ್ತದೆ, ಬರುವ ಮುಂಚೆ ಆ ಜಾಗದಲ್ಲಿ ಜುಮುಗುಟ್ಟುತ್ತದೆ. ಆಗಿನಿಂದ ಹುಣ್ಣು ಪೂರ್ತಿ ಒಣಗುವವರೆಗೆ ಸೇರಬೇಡಿ. ಉಳಿದ ದಿನಗಳಲ್ಲಿ ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಆದರೆ ಅದು ಮುಚ್ಚದ ಚರ್ಮದಿಂದ ತಗುಲಬಹುದು. ಪದೇಪದೇ ಬರುವವರಿಗೆ ವೈದ್ಯರು ದಿನವೂ ಮಾತ್ರೆ ಕೊಡುತ್ತಾರೆ.

ಮಗುವಿನ ಯೋಚನೆ ಇದ್ದರೆ ಪ್ರಸೂತಿ ವೈದ್ಯರಿಗೆ ಇದನ್ನು ತಪ್ಪದೇ ಹೇಳಿ. ಹಳೆಯ ಸೋಂಕಿರುವ ತಾಯಿಯಿಂದ ಮಗುವಿಗೆ ಬರುವುದು ಅಪರೂಪ. ಗರ್ಭದ ಕೊನೆಯ ತಿಂಗಳುಗಳಲ್ಲಿ ಹೊಸದಾಗಿ ತಗುಲಿದರೆ ಅಪಾಯ ಹೆಚ್ಚು. ಹೆರಿಗೆಯ ಹೊತ್ತಿಗೆ ಹುಣ್ಣಿದ್ದರೆ ಸಿಸೇರಿಯನ್ ಮಾಡುತ್ತಾರೆ.

ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಚರ್ಮರೋಗ ವೈದ್ಯರ ಬಳಿ ಹೋಗಿ. ಜಿಲ್ಲಾಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ನಲ್ಲಿ ಈ ಚಿಕಿತ್ಸೆ, ಸಲಹೆ ಉಚಿತ, ಗುಟ್ಟಾಗಿಯೂ ಇಡುತ್ತಾರೆ. ಅಲ್ಲೇ ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸಿಬಿಡಿ. ಗಂಡನನ್ನು ಕೇಳುವಾಗ 'ಯಾರ ಜೊತೆ ಹೋಗಿದ್ದೆ' ಅಂತ ಶುರು ಮಾಡಬೇಡಿ. 'ನಿಮಗೆ ಯಾವಾಗಲಾದರೂ ತುಟಿಯಲ್ಲೋ ಕೆಳಗೋ ಇಂಥ ಗುಳ್ಳೆ ಎದ್ದಿತ್ತಾ?' ಅಂತ ಕೇಳಿ ನೋಡಿ.