ಒಂದು ಪೋಸ್ಟ್, ಒಂದು ಕೆಲಸ, ಉತ್ತರ ಸಿಗದ ಒಂದು ಪ್ರಶ್ನೆ: ಫೊಲಾವ್ ಪ್ರಕರಣದ ಹಿಂದುಮುಂದು

ಕ್ರಿಕೆಟ್ ಬಿಟ್ಟು ಬೇರೆ ಆಟ ಅಷ್ಟಾಗಿ ನೋಡದ ನಮಗೆ ಇಸ್ರೇಲ್ ಫೊಲಾವ್ ಯಾರೆಂದು ಗೊತ್ತಿರಲಿಕ್ಕಿಲ್ಲ. ಆಸ್ಟ್ರೇಲಿಯಾದಲ್ಲಿ ಮಾತ್ರ ಆ ಹೆಸರು ಎತ್ತಿದರೆ ಇವತ್ತಿಗೂ ಜಗಳ ಶುರುವಾಗುತ್ತದೆ. ರಗ್ಬಿ ಆಟಗಾರ. ದೇಶದ ತಂಡಕ್ಕೆ 73 ಟೆಸ್ಟ್ ಆಡಿದವರು. 2019ರಲ್ಲಿ ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಒಂದು ಪೋಸ್ಟ್‌ನಿಂದ ಕೆಲಸ ಕಳೆದುಕೊಂಡರು. ಅಲ್ಲಿಂದಾಚೆಗೆ ಅದು ವಾಕ್ ಸ್ವಾತಂತ್ರ್ಯದ ಕೇಸೋ, ಧರ್ಮದ ಕೇಸೋ, ಸಲಿಂಗಿಗಳ ಘನತೆಯ ಕೇಸೋ, ಪ್ರಾಯೋಜಕರ ದುಡ್ಡಿನ ಕೇಸೋ ಎಂದು ವಾದ ನಡೆದೇ ಇದೆ. ಕಾನೂನಿನ ಕಣ್ಣಲ್ಲಿ ನೋಡಿದರೆ ಅದು ಹೆಚ್ಚಾಗಿ ಒಂದು ನೌಕರಿಯ ಕೇಸು. ಆ ದಾರಿಯಲ್ಲೇ ನೋಡುತ್ತಾ ಹೋದರೆ ಗೋಜಲು ಸ್ವಲ್ಪ ಬಿಡಿಸಿಕೊಳ್ಳುತ್ತದೆ.

ಆಟಗಾರರ ನಂಬಿಕೆಗೂ ಅವರ ಸಂಬಳಕ್ಕೂ ಡಿಕ್ಕಿಯಾಗುವುದು ಹಳೆಯ ಕಥೆ. ಸೇನೆಗೆ ಸೇರಲು ನನ್ನ ಧರ್ಮ ಬಿಡುವುದಿಲ್ಲ ಎಂದ ಮೊಹಮ್ಮದ್ ಅಲಿ 1967ರಲ್ಲಿ ಹೆವಿವೇಟ್ ಪಟ್ಟ ಕಳೆದುಕೊಂಡರು. ಮೂರು ವರ್ಷಕ್ಕೂ ಜಾಸ್ತಿ ಕಾಲ ರಿಂಗ್‌ನಿಂದ ಹೊರಗಿದ್ದರು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಮೇಲಿನ ಶಿಕ್ಷೆಯನ್ನು ರದ್ದು ಮಾಡಿತು. 1996ರಲ್ಲಿ ಡೆನ್ವರ್‌ನ ಬ್ಯಾಸ್ಕೆಟ್‌ಬಾಲ್ ಆಟಗಾರ ಮಹಮೂದ್ ಅಬ್ದುಲ್ ರೌಫ್ ರಾಷ್ಟ್ರಗೀತೆಗೆ ಎದ್ದು ನಿಲ್ಲಲಿಲ್ಲ. ಒಂದು ಪಂದ್ಯದ ಸಂಬಳ ಕತ್ತರಿಸಿದರು. ಕೊನೆಗೆ, ನಿಂತು ತಲೆ ತಗ್ಗಿಸಿ ಪ್ರಾರ್ಥನೆ ಮಾಡಿಕೊಳ್ಳಬಹುದು ಎಂದು ರಾಜಿಯಾಯಿತು.

ಈ ಇಬ್ಬರೂ ಹೇಳಿದ್ದು ‘ನಾನು ಇದನ್ನು ಮಾಡುವುದಿಲ್ಲ’ ಎಂದು. ಬೇರೆಯವರ ಬದುಕಿನ ಬಗ್ಗೆ ತೀರ್ಪು ಕೊಡುವ ಮಾತು ಬಂದಾಗ ಲೆಕ್ಕ ಬೇರೆಯಾಗುತ್ತದೆ. ಇಂಗ್ಲೆಂಡ್ ಫುಟ್‌ಬಾಲ್ ತಂಡದ ಕೋಚ್ ಗ್ಲೆನ್ ಹಾಡಲ್ 1999ರಲ್ಲಿ ಪತ್ರಿಕೆಯೊಂದಕ್ಕೆ ಸಂದರ್ಶನ ಕೊಟ್ಟರು. ಅಂಗವಿಕಲರು ಹಿಂದಿನ ಜನ್ಮದ ಕರ್ಮ ಅನುಭವಿಸುತ್ತಿದ್ದಾರೆ ಎಂಬರ್ಥದ ಮಾತು ಅದರಲ್ಲಿತ್ತು. ಮೂರ್ನಾಲ್ಕು ದಿನದಲ್ಲಿ ಕೆಲಸ ಹೋಯಿತು. ನಮ್ಮ ಕಡೆ ಮದುವೆ ಮನೆಯಲ್ಲಿ, ಆಸ್ಪತ್ರೆ ಕಾರಿಡಾರಿನಲ್ಲಿ ಜನ ಯಾವ ಎಗ್ಗೂ ಇಲ್ಲದೆ ಆಡುವ ಮಾತು ಅದು. ಕೇಳಿಸಿಕೊಳ್ಳುವ ತಾಯಿಗೆ ಹೇಗಾಗುತ್ತದೆ ಎಂದು ನಾವು ಯೋಚಿಸುವುದೂ ಕಡಿಮೆ.

ಆಸ್ಟ್ರೇಲಿಯಾಕ್ಕೆ ಬರೋಣ. ನಮ್ಮ ಸಂವಿಧಾನದ 19ನೇ ವಿಧಿಯಂಥದ್ದು ಅಲ್ಲಿಲ್ಲ. ಅಲ್ಲಿಯ ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳ ಪಟ್ಟಿಯೇ ಇಲ್ಲ. 1990ರ ದಶಕದಲ್ಲಿ ಹೈಕೋರ್ಟ್ (ಅಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ) ‘ರಾಜಕೀಯ ಸಂವಹನದ ಸ್ವಾತಂತ್ರ್ಯ’ ಸಂವಿಧಾನದೊಳಗೆ ಅಡಗಿದೆ ಎಂದು ಹೇಳಿತು. ಅದು ಶಾಸನಗಳಿಗೆ ಹಾಕಿದ ಕಡಿವಾಣವೇ ಹೊರತು ಒಬ್ಬೊಬ್ಬರ ಜೇಬಿನಲ್ಲಿರುವ ಹಕ್ಕಲ್ಲ. ಧರ್ಮದ ಬಗ್ಗೆ 116ನೇ ಕಲಂ ಇದೆ. ಅದೂ ಕೇಂದ್ರ ಸರ್ಕಾರದ ಕಾನೂನುಗಳಿಗೆ ಮಾತ್ರ ಅನ್ವಯ. ಖಾಸಗಿ ಕ್ರೀಡಾ ಸಂಸ್ಥೆಯೊಂದು ತನ್ನ ಆಟಗಾರನನ್ನು ತೆಗೆದುಹಾಕಿದರೆ ಎರಡೂ ಕೆಲಸಕ್ಕೆ ಬರುವುದಿಲ್ಲ.

ಉಳಿಯುವುದು ನೌಕರಿ ಕಾನೂನು. ಫೊಲಾವ್ ಆಡುತ್ತಿದ್ದ ವಾರಟಾಸ್ ತಂಡ ಸಿಡ್ನಿಯದು, ಅಂದರೆ ನ್ಯೂ ಸೌತ್ ವೇಲ್ಸ್ ರಾಜ್ಯ. ಅಲ್ಲಿನ 1977ರ ತಾರತಮ್ಯ ವಿರೋಧಿ ಕಾಯ್ದೆಯಲ್ಲಿ ಜನಾಂಗ ಇದೆ, ಲಿಂಗ ಇದೆ. ಧರ್ಮದ ಕಾರಣಕ್ಕೆ ಕೆಲಸದಲ್ಲಿ ತಾರತಮ್ಯ ಮಾಡಬಾರದು ಎಂಬ ಮಾತಿಲ್ಲ. ರಾಷ್ಟ್ರ ಮಟ್ಟದ ಫೇರ್ ವರ್ಕ್ ಕಾಯ್ದೆಯ 351ನೇ ಕಲಂನಲ್ಲಿ ಧರ್ಮ ಇದೆ. ಆದರೆ ರಾಜ್ಯದ ಕಾನೂನಿನಲ್ಲಿ ತಪ್ಪಲ್ಲದ್ದು ಇಲ್ಲೂ ತಪ್ಪಲ್ಲ ಎಂದು ಅದೇ ಕಲಂ ಹೇಳುತ್ತದೆ. ಹಾಗಾಗಿ ಫೊಲಾವ್ ಪರ ವಕೀಲರಿಗೆ ಉಳಿದದ್ದು ಅದೇ ಕಾಯ್ದೆಯ ಕೊನೆಯ ಪುಟಗಳಲ್ಲಿದ್ದ 772ನೇ ಕಲಂ. ಧರ್ಮ, ರಾಜಕೀಯ ಅಭಿಪ್ರಾಯ ಮುಂತಾದ ಕಾರಣಕ್ಕೆ ನೌಕರನನ್ನು ತೆಗೆಯಬಾರದು ಎನ್ನುವುದು ಅದರ ಸಾರ. ಅಲ್ಲೂ ಒಂದು ಕಿಂಡಿ ಇದೆ: ಆ ಕೆಲಸಕ್ಕೆ ಮೂಲತಃ ಬೇಕಾದ ಗುಣವೇ ಇಲ್ಲವೆಂದರೆ ತೆಗೆಯಬಹುದು. ಸಿಡ್ನಿ, ಮೆಲ್ಬರ್ನ್‌ನಲ್ಲಿ ಐಟಿ ಕೆಲಸ ಮಾಡುವ ನಮ್ಮವರು ಸಹಿ ಹಾಕುವ ಆಫರ್ ಲೆಟರ್‌ಗೂ ಇದೇ ಕಾಯ್ದೆ ಅನ್ವಯಿಸುತ್ತದೆ.

ಇನ್ನು ರಗ್ಬಿಯ ಒಳಗಿನ ಕಥೆ. 2014ರಲ್ಲಿ ಸಲಿಂಗಿಗಳ ರಗ್ಬಿ ಪಂದ್ಯಾವಳಿ ಬಿಂಗ್‌ಹ್ಯಾಮ್ ಕಪ್ ಸಿಡ್ನಿಯಲ್ಲಿ ನಡೆಯಿತು. ಆ ವರ್ಷ ರಗ್ಬಿ, ಕ್ರಿಕೆಟ್, ಫುಟ್‌ಬಾಲ್ ಸಂಸ್ಥೆಗಳೆಲ್ಲ ಸಲಿಂಗಿ ದ್ವೇಷ ಅಳಿಸುತ್ತೇವೆ ಎಂದು ಸಹಿ ಹಾಕಿದವು. ಪಂದ್ಯಾವಳಿಯ ಪ್ರಚಾರಕ್ಕೆ ಸಲಿಂಗಿಗಳ ಪತ್ರಿಕೆ ‘ಸ್ಟಾರ್ ಅಬ್ಸರ್ವರ್’ನ ಮುಖಪುಟದಲ್ಲಿ ಕಾಣಿಸಿಕೊಂಡ ಆಟಗಾರ ಯಾರು ಗೊತ್ತಾ? ಇದೇ ಫೊಲಾವ್. ಮರುವರ್ಷ ಡೇವಿಡ್ ಪೊಕಾಕ್ ಎಂಬ ಆಟಗಾರ, ಎದುರಾಳಿಯೊಬ್ಬ ಸಲಿಂಗಿಗಳನ್ನು ಹೀಯಾಳಿಸುವ ಬೈಗುಳ ಬಳಸಿದನೆಂದು ಪಂದ್ಯದ ನಡುವೆಯೇ ರೆಫರಿಗೆ ದೂರಿದರು. ಬೈದವರಿಗೆ ದಂಡ ಬಿತ್ತು. 2017ರಲ್ಲಿ ಸಲಿಂಗಿಗಳ ಮದುವೆ ಬಗ್ಗೆ ಅಂಚೆ ಮೂಲಕ ದೇಶವ್ಯಾಪಿ ಜನಾಭಿಪ್ರಾಯ ಪಡೆದರು. 61.6% ಜನ ಹೌದು ಎಂದರು. ರಗ್ಬಿ ಸಂಸ್ಥೆಯೂ ಹೌದು ಎಂದಿತ್ತು. ಎಲ್ಲರನ್ನೂ ಗೌರವಿಸುತ್ತೇನೆ, ಆದರೆ ಅಂಥ ಮದುವೆಯನ್ನು ನಾನು ಬೆಂಬಲಿಸುವುದಿಲ್ಲ ಎಂದು ಫೊಲಾವ್ ಟ್ವೀಟ್ ಮಾಡಿದರು. ಅಷ್ಟಕ್ಕೆ ಯಾರೂ ಅವರ ಕೆಲಸಕ್ಕೆ ಕೈ ಹಾಕಲಿಲ್ಲ.

2018ರ ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಂನಲ್ಲಿ ಒಬ್ಬರು ಕೇಳಿದರು: ಸಲಿಂಗಿಗಳಿಗೆ ದೇವರ ಯೋಜನೆ ಏನು? ಪಶ್ಚಾತ್ತಾಪ ಪಟ್ಟು ದೇವರ ಕಡೆ ತಿರುಗದಿದ್ದರೆ ನರಕ ಎಂದು ಫೊಲಾವ್ ಉತ್ತರಿಸಿದರು. ಮುಖ್ಯ ಪ್ರಾಯೋಜಕ ಕ್ವಾಂಟಾಸ್ ವಿಮಾನ ಕಂಪನಿ ಬಹಿರಂಗವಾಗಿ ಬೇಸರ ಹೇಳಿತು. ದೇಶದ ರಗ್ಬಿ ಸಂಸ್ಥೆ ‘ರಗ್ಬಿ ಆಸ್ಟ್ರೇಲಿಯಾ’ದ ಆಗಿನ ಮುಖ್ಯಸ್ಥೆ ರೇಲೀನ್ ಕ್ಯಾಸಲ್, ಫೊಲಾವ್‌ರನ್ನು ಕರೆಸಿ ಮಾತನಾಡಿದರು. ಶಿಕ್ಷೆ ಆಗಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ನಾಲ್ಕು ವರ್ಷದ ಹೊಸ ಒಪ್ಪಂದಕ್ಕೆ ಸಹಿ ಬಿತ್ತು. ಮೊತ್ತ ಸುಮಾರು 40 ಲಕ್ಷ ಡಾಲರ್ ಎಂದು ವರದಿಯಾಯಿತು. ಸೋಷಿಯಲ್ ಮೀಡಿಯಾ ಬಗ್ಗೆ ಪ್ರತ್ಯೇಕ ಷರತ್ತು ಅದರಲ್ಲಿ ಇರಲಿಲ್ಲ ಎಂದೂ ವರದಿಗಳು ಬಂದವು. ಬಾಯಿಮಾತಲ್ಲೂ ಬರಹದಲ್ಲೂ ಎಚ್ಚರಿಸಿದ್ದೆವು ಎಂದು ಸಂಸ್ಥೆ ಹೇಳುತ್ತಾ ಬಂದಿದೆ. ಇಷ್ಟು ದೊಡ್ಡ ಮೊತ್ತದ ಕಾಗದಕ್ಕೆ ಸಹಿ ಹಾಕುವಾಗ, ಆರು ತಿಂಗಳ ಹಿಂದಷ್ಟೇ ರಂಪವಾದ ವಿಷಯದ ಬಗ್ಗೆ ಒಂದು ಸಾಲು ಬರೆಸಿಕೊಳ್ಳುವುದು ಯಾರಿಗೂ ಹೊಳೆಯಲಿಲ್ಲವೇ ಅಂತ ಅನಿಸದೆ ಇರದು.

2019ರ ಏಪ್ರಿಲ್ 10. ಫೊಲಾವ್ ಒಂದು ಚಿತ್ರ ಹಂಚಿಕೊಂಡರು. ಎಚ್ಚರಿಕೆ ಎಂಬ ತಲೆಬರಹದ ಕೆಳಗೆ ಎಂಟು ಗುಂಪುಗಳು: ಕುಡುಕರು, ಸಲಿಂಗಿಗಳು, ವ್ಯಭಿಚಾರಿಗಳು, ಸುಳ್ಳುಗಾರರು, ಜಾರರು, ಕಳ್ಳರು, ನಾಸ್ತಿಕರು, ವಿಗ್ರಹಾರಾಧಕರು. ನಿಮಗೆ ನರಕ ಕಾದಿದೆ, ಪಶ್ಚಾತ್ತಾಪ ಪಡಿ, ಯೇಸು ಮಾತ್ರ ಕಾಪಾಡುತ್ತಾನೆ ಎಂದು ಕೊನೆಗೆ. ಬೈಬಲ್‌ನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 6ನೇ ಅಧ್ಯಾಯ ಓದಿದವರಿಗೆ ಈ ಪಟ್ಟಿಯ ಮೂಲ ತಕ್ಷಣ ಗೊತ್ತಾಗುತ್ತದೆ. ಸುಳ್ಳುಗಾರರು, ನಾಸ್ತಿಕರು ಮಾತ್ರ ಪೌಲನ ಆ ಪಟ್ಟಿಯಲ್ಲಿಲ್ಲ, ಆಮೇಲೆ ಸೇರಿದವರು.

ವಿಗ್ರಹಾರಾಧಕರು ಎಂದರೆ ಇದನ್ನು ಓದುತ್ತಿರುವ ನಮ್ಮಲ್ಲಿ ಬಹುಪಾಲು ಜನ, ಅಲ್ವಾ? ಆದರೂ ಎಂಟರಲ್ಲಿ ಗಲಾಟೆ ಎದ್ದಿದ್ದು ಒಂದರ ಸುತ್ತಲೇ. ಅದಕ್ಕೆ ಕಾರಣವೂ ಇದೆ. ಸುಳ್ಳುಗಾರ ಎಂದು ಯಾರನ್ನೂ ಮನೆಯಿಂದ ಹೊರಹಾಕುವುದಿಲ್ಲ. ಸಲಿಂಗಿ ಎಂದು ಗೊತ್ತಾದ ಹದಿನಾರರ ಹುಡುಗನಿಗೆ ಡ್ರೆಸ್ಸಿಂಗ್ ರೂಮಿನಲ್ಲಿ, ಚರ್ಚಿನಲ್ಲಿ, ಕೆಲವೊಮ್ಮೆ ಮನೆಯಲ್ಲೂ ಏನಾಗುತ್ತದೆ ಎಂಬುದು ಅಲ್ಲಿಯ ಜನಕ್ಕೆ ಗೊತ್ತಿತ್ತು. ಅಂಥ ಹುಡುಗನ ಗೋಡೆಯ ಮೇಲೆ ಫೊಲಾವ್ ಪೋಸ್ಟರ್ ಇದ್ದಿರಬಹುದು.

ಮರುದಿನವೇ ಸಂಸ್ಥೆ ಒಪ್ಪಂದ ಮುರಿಯುವ ಇರಾದೆ ಪ್ರಕಟಿಸಿತು. ಫೊಲಾವ್ ವಿಚಾರಣೆ ಬೇಕೆಂದರು. ಮೇ ತಿಂಗಳಲ್ಲಿ ಮೂವರ ಸಮಿತಿ ಮೂರು ದಿನ ವಿಚಾರಣೆ ನಡೆಸಿತು. ಅಲ್ಲಿ ಆಧಾರವಾಗಿದ್ದು ಆಟಗಾರರ ನೀತಿ ಸಂಹಿತೆ. ಅದರ ಒಂದು ಸಾಲನ್ನು ಹತ್ತಿರದಿಂದ ನೋಡಬೇಕು. ಲಿಂಗ, ಲೈಂಗಿಕ ಒಲವು, ಜನಾಂಗ, ಸಾಂಸ್ಕೃತಿಕ ಅಥವಾ ಧಾರ್ಮಿಕ ಹಿನ್ನೆಲೆ, ವಯಸ್ಸು, ಅಂಗವೈಕಲ್ಯ ಯಾವುದನ್ನೂ ನೋಡದೆ ಎಲ್ಲರನ್ನೂ ಸಮಾನವಾಗಿ, ಘನತೆಯಿಂದ ಕಾಣಬೇಕು ಎನ್ನುತ್ತದೆ ಅದು. ಲೈಂಗಿಕ ಒಲವೂ ಧಾರ್ಮಿಕ ಹಿನ್ನೆಲೆಯೂ ಒಂದೇ ಸಾಲಿನಲ್ಲಿವೆ. ಎರಡೂ ಕಡೆಯವರು ಅದೇ ಸಾಲನ್ನು ಹಿಡಿದುಕೊಳ್ಳಬಹುದಿತ್ತು. ಸೋಷಿಯಲ್ ಮೀಡಿಯಾವನ್ನು ಸರಿಯಾಗಿ ಬಳಸಿ, ಆಟಕ್ಕೆ ಕೆಟ್ಟ ಹೆಸರು ತರಬೇಡಿ ಎಂಬ ಮಾತುಗಳೂ ಇದ್ದವು. ಸರಿಯಾಗಿ ಎಂದರೆ ಹೇಗೆ? ಅದನ್ನು ಸಮಿತಿಯೇ ನಿರ್ಧರಿಸಬೇಕಾಯಿತು. ಉಲ್ಲಂಘನೆಯಲ್ಲಿ ಮೂರು ದರ್ಜೆ. ಮೇಲಿನ ದರ್ಜೆಯದಾದರೆ ಮಾತ್ರ ಕೆಲಸದಿಂದ ತೆಗೆಯಬಹುದು. ಮೇ 7ರಂದು ಸಮಿತಿ ಮೇಲಿನ ದರ್ಜೆಯ ಉಲ್ಲಂಘನೆ ಎಂದಿತು. ಮೇ 17ರಂದು ಒಪ್ಪಂದ ರದ್ದು.

ಡ್ರೆಸ್ಸಿಂಗ್ ರೂಮಿನ ಒಳಗೂ ಬಿರುಕು ಕಂಡಿತು. ಆಸ್ಟ್ರೇಲಿಯಾ ರಗ್ಬಿಯಲ್ಲಿ ಟೋಂಗಾ, ಸಮೋವಾ, ಫಿಜಿ ಮೂಲದ ಆಟಗಾರರು ತುಂಬಾ ಜನ. ಚರ್ಚು ಅವರಿಗೆ ಭಾನುವಾರದ ಎರಡು ಗಂಟೆಯ ವಿಷಯವಲ್ಲ, ಮನೆ ನಡೆಯುವುದೇ ಅದರ ಸುತ್ತ. ಫೊಲಾವ್ ಹೆತ್ತವರೂ ಟೋಂಗಾ ಮೂಲದವರು. ಹಾಗಾದರೆ ನನ್ನನ್ನೂ, ನಮ್ಮ ದ್ವೀಪಗಳ ಎಲ್ಲ ಆಟಗಾರರನ್ನೂ ತೆಗೆದುಬಿಡಿ, ನಮ್ಮ ನಂಬಿಕೆಯೂ ಇದೇ ಎಂಬರ್ಥದಲ್ಲಿ ದೇಶದ ತಂಡದಲ್ಲಿ ಅವರ ಜೊತೆಗಾರನಾಗಿದ್ದ ಟನಿಯೆಲಾ ಟುಪೌ ಬರೆದರು. ಈ ಆಟಗಾರರ ಬಲದ ಮೇಲೆ ತಂಡ ಕಟ್ಟಿದ ಆಟಕ್ಕೆ ಅವರ ಮನೆಯೊಳಗಿನ ಬದುಕಿನ ಪರಿಚಯ ಎಷ್ಟಿತ್ತು ಎಂಬುದು ಬೇರೆಯೇ ಪ್ರಶ್ನೆ.

ಜೂನ್‌ನಲ್ಲಿ ಫೊಲಾವ್ ನೌಕರಿಯ ತಕರಾರು ನೋಡುವ ಫೇರ್ ವರ್ಕ್ ಆಯೋಗಕ್ಕೆ ಹೋದರು. ವಕೀಲರ ಖರ್ಚಿಗೆ 30 ಲಕ್ಷ ಡಾಲರ್ ಬೇಕು ಎಂದು ಆನ್‌ಲೈನ್‌ನಲ್ಲಿ ಜನರ ಮುಂದೆ ಕೈ ಚಾಚಿದರು. ಕೋಟ್ಯಧಿಪತಿಗೆ ಚಂದಾ ಯಾಕೆ ಎಂದು ಅನೇಕರು ಕೇಳಿದರು. ಸುಮಾರು ಏಳೂವರೆ ಲಕ್ಷ ಬರುವಷ್ಟರಲ್ಲಿ ಚಂದಾ ಎತ್ತುವ ಜಾಲತಾಣ ಗೋಫಂಡ್‌ಮಿ ಆ ಪುಟವನ್ನು ತೆಗೆದುಹಾಕಿತು. ಆಸ್ಟ್ರೇಲಿಯನ್ ಕ್ರಿಶ್ಚಿಯನ್ ಲಾಬಿ ತಾನೇ ಒಂದು ಲಕ್ಷ ಹಾಕಿ ಹೊಸ ಪುಟ ತೆರೆಯಿತು. ಎರಡೇ ದಿನದಲ್ಲಿ 20 ಲಕ್ಷ ದಾಟಿತು. ಪುಟ ಮುಚ್ಚಿಸಿದ್ದೇ ದೊಡ್ಡ ಪ್ರಚಾರವಾಯಿತು. ಅವರ ಹೆಂಡತಿ ಮಾರಿಯಾ ಫೊಲಾವ್ ನ್ಯೂಜಿಲೆಂಡ್‌ನ ನೆಟ್‌ಬಾಲ್ ಆಟಗಾರ್ತಿ. ಗಂಡನ ಚಂದಾ ಪುಟವನ್ನು ಹಂಚಿಕೊಂಡದ್ದಕ್ಕೆ ಪ್ರಾಯೋಜಕ ಕಂಪನಿಗಳು ಆಕ್ಷೇಪಿಸಿದವು. ನೆಟ್‌ಬಾಲ್ ಸಂಸ್ಥೆ ಕ್ರಮಕ್ಕೆ ಹೋಗಲಿಲ್ಲ. ಮುಂದಿನ ತಿಂಗಳು ಆಕೆ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು.

ಆಯೋಗದಲ್ಲಿ ರಾಜಿ ಕುದುರಲಿಲ್ಲ. ಆಗಸ್ಟ್‌ನಲ್ಲಿ ಕೇಸು ಫೆಡರಲ್ ಸರ್ಕ್ಯೂಟ್ ಕೋರ್ಟಿಗೆ ಹೋಯಿತು. ಅದೇ ತಿಂಗಳು ಹೈಕೋರ್ಟ್‌ನಿಂದ ಬಾನರ್ಜಿ ಪ್ರಕರಣದ ತೀರ್ಪು ಬಂತು. ವಲಸೆ ಇಲಾಖೆಯ ನೌಕರೆಯೊಬ್ಬರು ಹೆಸರು ಮುಚ್ಚಿಟ್ಟು ಸರ್ಕಾರದ ನೀತಿಯನ್ನು ಟೀಕಿಸಿ ಟ್ವೀಟ್ ಮಾಡಿದ್ದರು. ಅವರನ್ನು ತೆಗೆದದ್ದು ಸರಿ ಎಂದಿತು ಕೋರ್ಟು. ಸರ್ಕಾರಿ ನೌಕರೆಗೇ ಇಷ್ಟು ಎಂದಮೇಲೆ ಖಾಸಗಿ ಆಟಗಾರನಿಗೆ ‘ವಾಕ್ ಸ್ವಾತಂತ್ರ್ಯ’ ಎಂಬ ಬಾಗಿಲು ಮುಚ್ಚಿದಂತೆಯೇ. 772ನೇ ಕಲಂ ಒಂದೇ ಉಳಿಯಿತು. ಅಲ್ಲಿನ ಪ್ರಶ್ನೆ ಸೂಕ್ಷ್ಮ: ಧರ್ಮದ ಕಾರಣಕ್ಕೆ ತೆಗೆದರೋ, ನಿಯಮ ಮುರಿದದ್ದಕ್ಕೆ ತೆಗೆದರೋ? ನಂಬಿಕೆ ಇಟ್ಟುಕೊಳ್ಳುವುದು ಬೇರೆ, ಅದನ್ನು ಊರಿಗೆಲ್ಲ ಸಾರುವುದು ಬೇರೆ ಎಂದು ಸಂಸ್ಥೆಯ ಪರ ಇದ್ದವರು. ಸಾರುವುದೇ ನನ್ನ ಧರ್ಮ ಹೇಳುವ ಕೆಲಸ ಎಂದು ಫೊಲಾವ್ ಕಡೆಯವರು. ವಿಚಾರಣೆಗೆ 2020ರ ಫೆಬ್ರುವರಿ ಗೊತ್ತಾಗಿತ್ತು.

ಅಷ್ಟರಲ್ಲಿ ನವೆಂಬರ್‌ನಲ್ಲಿ ಕಾಡ್ಗಿಚ್ಚು ಹಬ್ಬಿ ಜನ ಸಾಯುತ್ತಿದ್ದಾಗ, ಸಲಿಂಗಿ ಮದುವೆ ಮತ್ತು ಗರ್ಭಪಾತಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂಬಂತೆ ಫೊಲಾವ್ ಚರ್ಚಿನಲ್ಲಿ ಮಾತಾಡಿದರು. ಅವರ ಪರ ನಿಂತಿದ್ದವರಲ್ಲೂ ಕೆಲವರು ಹಿಂದೆ ಸರಿದರು. ಡಿಸೆಂಬರ್ 4ರಂದು ರಾಜಿಯ ಸುದ್ದಿ ಬಂತು. ಮೊತ್ತ ಗುಟ್ಟು. ಪೋಸ್ಟ್ ತಮ್ಮ ನಿಜವಾದ ನಂಬಿಕೆ, ಯಾರನ್ನೂ ನೋಯಿಸುವ ಉದ್ದೇಶ ಇರಲಿಲ್ಲ ಎಂದು ಫೊಲಾವ್. ಫೊಲಾವ್ ದಂಪತಿಯನ್ನು ನೋಯಿಸುವ ಉದ್ದೇಶ ತಮಗೂ ಇರಲಿಲ್ಲ ಎಂದು ಸಂಸ್ಥೆ. ಇಬ್ಬರೂ ಕ್ಷಮೆ ಕೇಳಿಕೊಂಡರು. ಲಕ್ಷಾಂತರ ಡಾಲರ್ ಚಂದಾ ಎತ್ತಿ ಕೇಳಲು ಹೊರಟ ಪ್ರಶ್ನೆಗೆ ಯಾವ ನ್ಯಾಯಾಧೀಶರೂ ಉತ್ತರಿಸಬೇಕಾಗಲಿಲ್ಲ.

ಸಂಸತ್ತು ಉತ್ತರಿಸಲು ಹೊರಟಿತ್ತು. 2019ರ ಆಗಸ್ಟ್‌ನಲ್ಲಿ ಬಂದ ಧಾರ್ಮಿಕ ತಾರತಮ್ಯ ಮಸೂದೆಯ ಕರಡಿನಲ್ಲಿ ‘ಫೊಲಾವ್ ಕಲಂ’ ಎಂದೇ ಹೆಸರಾದ ಒಂದು ಭಾಗವಿತ್ತು. ವರ್ಷಕ್ಕೆ 5 ಕೋಟಿ ಡಾಲರ್ ಆದಾಯ ಇರುವ ಕಂಪನಿ, ಕೆಲಸದ ಹೊರಗೆ ನೌಕರರು ಆಡುವ ಧಾರ್ಮಿಕ ಮಾತನ್ನು ತಡೆಯಬೇಕಾದರೆ, ತಡೆಯದಿದ್ದರೆ ತನಗೆ ಭಾರೀ ಆರ್ಥಿಕ ನಷ್ಟವಾಗುತ್ತದೆ ಎಂದು ತೋರಿಸಬೇಕು. ಅಂದರೆ ಪ್ರಾಯೋಜಕರು ಕೈಬಿಟ್ಟರೆ ತಡೆಯಬಹುದು! ಧರ್ಮವನ್ನು ಕಾಪಾಡಲು ಬಂದ ಕಲಂ ಕೊನೆಯ ಮಾತನ್ನು ದುಡ್ಡಿಗೇ ಬಿಟ್ಟುಕೊಟ್ಟಿತ್ತು. 2021ರ ನವೆಂಬರ್‌ನಲ್ಲಿ ಮಸೂದೆ ಮಂಡನೆಯಾದಾಗ ಆ ಕಲಂ ಇರಲಿಲ್ಲ. 2022ರ ಫೆಬ್ರುವರಿಯಲ್ಲಿ ಕೆಳಮನೆ ದಾಟಿತು. ಧಾರ್ಮಿಕ ಶಾಲೆಗಳ ವಿದ್ಯಾರ್ಥಿಗಳ ವಿಷಯದಲ್ಲಿ ಆಡಳಿತ ಪಕ್ಷದ ಐವರು ತಿರುಗಿಬಿದ್ದ ಮೇಲೆ ಸರ್ಕಾರ ಅದನ್ನು ಮೇಲ್ಮನೆಯಲ್ಲಿ ಕೈಬಿಟ್ಟಿತು. ಮುಂದೆ ಬಂದ ಸರ್ಕಾರವೂ 2024ರಲ್ಲಿ ಆ ಯೋಚನೆಯನ್ನು ಬದಿಗಿಟ್ಟಿತು.

ಫೊಲಾವ್ ಆಮೇಲೆ ಫ್ರಾನ್ಸ್, ಜಪಾನ್‌ನಲ್ಲಿ ಆಡಿದರು, 2022ರಲ್ಲಿ ಟೋಂಗಾ ಪರ ಇಳಿದರು. ಅದೇ ವರ್ಷ ಸಿಡ್ನಿಯ ಮ್ಯಾನ್ಲಿ ರಗ್ಬಿ ಲೀಗ್ ಕ್ಲಬ್, ಸಲಿಂಗಿಗಳ ಬೆಂಬಲದ ಗುರುತಾದ ಕಾಮನಬಿಲ್ಲಿನ ಪಟ್ಟೆ ಇರುವ ಜೆರ್ಸಿ ಹೊಲಿಸಿತು. ಮೊದಲೇ ಕೇಳಲಿಲ್ಲ ಎಂದು ಏಳು ಆಟಗಾರರು ಧಾರ್ಮಿಕ ಕಾರಣಕ್ಕೆ ಆ ಪಂದ್ಯಕ್ಕೆ ಬರಲಿಲ್ಲ. ಈ ಸಲ ಯಾರ ಕೆಲಸವೂ ಹೋಗಲಿಲ್ಲ. ಆಟಗಾರರನ್ನು ಕೇಳದೆ ಮಾಡಿದ್ದು ತಪ್ಪಾಯಿತು ಎಂದು ಕೋಚ್ ಕ್ಷಮೆ ಕೇಳಿದರು.

772ನೇ ಕಲಂಗೆ ದೊಡ್ಡ ಪರೀಕ್ಷೆ ಬಂದದ್ದು ಆಟದ ಮೈದಾನದಿಂದಲ್ಲ, ರೇಡಿಯೋ ಸ್ಟುಡಿಯೋದಿಂದ. 2023ರ ಡಿಸೆಂಬರ್‌ನಲ್ಲಿ ಆಂಟೊನೆಟ್ ಲಟೂಫ್ ಎಂಬ ಪತ್ರಕರ್ತೆಯನ್ನು ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿ ಐದು ದಿನದ ಕೆಲಸಕ್ಕೆ ಕರೆದಿತ್ತು. ಗಾಜಾ ಬಗ್ಗೆ ಮಾನವ ಹಕ್ಕು ಸಂಸ್ಥೆಯೊಂದರ ಪೋಸ್ಟ್ ಹಂಚಿಕೊಂಡರು ಎಂದು ಮೂರು ದಿನಕ್ಕೇ ಮನೆಗೆ ಕಳುಹಿಸಿತು. 2025ರ ಜೂನ್‌ನಲ್ಲಿ ಫೆಡರಲ್ ಕೋರ್ಟ್, ಆಕೆಯ ರಾಜಕೀಯ ಅಭಿಪ್ರಾಯವೂ ತೆಗೆದದ್ದಕ್ಕೆ ಒಂದು ಕಾರಣವಾಗಿತ್ತು, ಇದು 772ನೇ ಕಲಂನ ಉಲ್ಲಂಘನೆ ಎಂದು 70,000 ಡಾಲರ್ ಪರಿಹಾರ ಕೊಡಿಸಿತು. ರಾಜಕೀಯ ಅಭಿಪ್ರಾಯ ಮತ್ತು ಧರ್ಮ ಆ ಕಲಂನ ಒಂದೇ ಪಟ್ಟಿಯಲ್ಲಿವೆ. ಫೊಲಾವ್ ಪರ ಇದ್ದವರಲ್ಲಿ ಎಷ್ಟು ಜನ ಲಟೂಫ್ ಪರ ನಿಂತರು, ಲಟೂಫ್ ಪರ ಇದ್ದವರಲ್ಲಿ ಎಷ್ಟು ಜನ 2019ರಲ್ಲಿ ಫೊಲಾವ್ ಪರ ಇದ್ದರು ಎಂದು ಯಾರಾದರೂ ಎಣಿಸಿದರೆ ಕುತೂಹಲಕರವಾಗಿರುತ್ತದೆ.