ಎದ್ದ ಅಂಚಿನ ಕೆಳಗೆ ನೇರಳೆ

ಕಾಗದದ ಕೊಲಾಜ್, ಅಂದರೆ ಚೂರುಗಳನ್ನು ಅಂಟಿಸಿ ಮಾಡಿದ ಚಿತ್ರ, ರಿಪೇರಿಗೆ ಬಂದರೆ ನಾನು ಮೊದಲು ಚಿತ್ರ ನೋಡುವುದಿಲ್ಲ. ದೀಪ ಆರಿಸಿ ಪಕ್ಕದಿಂದ ಟಾರ್ಚ್ ಬಿಡುತ್ತೇನೆ. ಉಬ್ಬಿದ ಜಾಗ, ಅಂಟು ಬಿಟ್ಟ ಮೂಲೆ ಎಲ್ಲದರ ನೆರಳೂ ಕಾಣಿಸುತ್ತದೆ.

ಮೊನ್ನೆ ಬಂದದ್ದು ಒಬ್ಬ ಡ್ರಾಯಿಂಗ್ ಮೇಷ್ಟ್ರ ಕೆಲಸ. ಅವರ ಸೀಮೆ ದಾಟಿದರೆ ಹೆಸರು ಯಾರಿಗೂ ಗೊತ್ತಿಲ್ಲ, ಆದರೆ ಕೈ ಪಳಗಿದ್ದು. ಮರ, ಮುಖ ಏನೂ ಇಲ್ಲ. ಅಗಲವಾದ ಬೂದು ಕಾಗದ, ಅದರ ಮೇಲೆ ಹರಿದ ನ್ಯೂಸ್‌ಪೇಪರ್, ಕೆಳಗೆ ಚಿಟಿಕೆಯಷ್ಟು ಕೆಂಪು.

"ಬೂದು ಜಾಸ್ತಿ ಆಯ್ತು, ಅಲ್ವಾ ಸರ್?" ಅಂದರು ತಂದವರು, ಮೇಷ್ಟ್ರ ಮಗಳು. ನನಗೂ ಹಾಗೇ ಅನಿಸಿತ್ತು.

ನ್ಯೂಸ್‌ಪೇಪರಿನ ಒಂದು ಅಂಚು ಎದ್ದಿತ್ತು. ತೆಳು ಅಲಗು ತೂರಿಸಿ ಅಕ್ಕಿಕಾಳಿನಷ್ಟು ಎತ್ತಿದೆ. ಕೆಳಗಿದ್ದದ್ದು ಬೂದು ಅಲ್ಲ, ದಟ್ಟ ನೇರಳೆ! ಮೇಲಿನ ಚೂರು ಮುಚ್ಚಿಕೊಂಡಿದ್ದಷ್ಟು ಜಾಗ ಉಳಿದಿದೆ, ಮಿಕ್ಕಿದ್ದನ್ನೆಲ್ಲ ಬೆಳಕು ತಿಂದಿದೆ. ಅಂದರೆ ಮೇಷ್ಟ್ರು ಇಟ್ಟಿದ್ದು ನೇರಳೆ ಮೇಲೆ ಬಿಳಿ, ನಾವು ನೋಡುತ್ತಿರುವುದು ಬೂದು ಮೇಲೆ ಕಂದು. ಮುಖದ ಚಿತ್ರವಾಗಿದ್ದರೆ ಬಣ್ಣ ಮಾಸಿದರೂ ಮುಖ ಮುಖವೇ, ಇಲ್ಲಿ ಬಣ್ಣ ಬಿಟ್ಟರೆ ಹಿಡಿದುಕೊಳ್ಳಲು ಬೇರೇನೂ ಇಲ್ಲ.

ತರಗತಿಯಲ್ಲಿ ಬಳಸುವ ಬಣ್ಣದ ಕಾಗದ ಬೇಗ ಮಾಸುತ್ತದೆ. ನ್ಯೂಸ್‌ಪೇಪರಿನಲ್ಲಿ ಮರದ ನಾರನ್ನು ಬಿಗಿಹಿಡಿಯುವ ಲಿಗ್ನಿನ್ ಅನ್ನೋ ಅಂಶ ಉಳಿದಿರುತ್ತದೆ, ಗಾಳಿ ಬೆಳಕಿಗೆ ಅದು ಹಳದಿ, ಆಮೇಲೆ ಕಂದು. 1912ರಲ್ಲಿ ಪಿಕಾಸೊ ಅಂಟಿಸಿದ ಪತ್ರಿಕೆಯ ಚೂರುಗಳೂ ಹೀಗೇ ಕಂದಾಗಿವೆ. ಫ್ರೆಂಚ್ ಕಲಾವಿದ ಮತೀಸ್ ಬಿಳಿ ಹಾಳೆಗೆ ಗ್ವಾಶ್ ಅನ್ನೋ ದಟ್ಟ ನೀರುಬಣ್ಣವನ್ನು ಸಹಾಯಕರಿಂದ ಬಳಿಸಿಕೊಂಡು ಆಮೇಲೆ ಕತ್ತರಿಸುತ್ತಿದ್ದರು. ಆ ಅನುಕೂಲ ಎಲ್ಲರಿಗೂ ಎಲ್ಲಿ, ಮೇಷ್ಟ್ರು ಕೈಗೆ ಸಿಕ್ಕಿದ್ದನ್ನು ಹರಿದಿದ್ದಾರೆ.

ಅಂಟಿನದು ಬೇರೆಯದೇ ರಗಳೆ. ರಬ್ಬರ್ ಸೊಲ್ಯೂಷನ್ ಹಾಕಿದ್ದರೆ ಅದು ಮೊದಲು ಜಿಗುಟಾಗಿ ಕಾಗದಕ್ಕೆ ಇಳಿದು ಕಂದು ಕಲೆ ಮಾಡುತ್ತದೆ, ಆಮೇಲೆ ಒಣಗಿ ಹಿಡಿತ ಬಿಡುತ್ತದೆ. ಪುಣ್ಯಕ್ಕೆ ಇಲ್ಲಿ ಹಾಕಿದ್ದು ಪಿಷ್ಟದ ಗಂಜಿ ಅಂಟು, ನೀರಿನ ಪಸೆಗೆ ಮೆತ್ತಗಾಗುತ್ತದೆ. ಮನೆಯಲ್ಲಿ ಹೀಗೆ ಎದ್ದ ಚೂರಿಗೆ ದಯವಿಟ್ಟು ಟೇಪ್ ಹಚ್ಚಬೇಡಿ, ನಮ್ಮ ಅರ್ಧ ದಿನ ಅದನ್ನು ಬಿಡಿಸುವುದರಲ್ಲೇ ಹೋಗುತ್ತದೆ.

"ನೇರಳೆ ಬಳಿದುಬಿಡಿ" ಅಂತ ಕೇಳಿದರು. ಒಪ್ಪಲಿಲ್ಲ, ಅದು ಮೇಷ್ಟ್ರ ಬಣ್ಣ ಆಗುವುದಿಲ್ಲ. ಹಿಂದಿನ ಹುಳಿ ರಟ್ಟು ತೆಗೆದು ಆಮ್ಲವಿಲ್ಲದ್ದು ಕೊಟ್ಟೆ, ಬೆಳಕು 50 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ, ಇದು ಮಂದ ಬೆಳಕು) ದಾಟದ ಗೋಡೆಗೆ ಹಾಕಲು ಹೇಳಿದೆ. ಎದ್ದ ಅಂಚಿಗೆ ಅಂಟು ಹಚ್ಚುವ ಮೊದಲು ಆಕೆ, "ಇನ್ನೊಂದ್ಸಲ ಎತ್ತಿ ತೋರಿಸ್ತೀರಾ?" ಅಂದರು. ಎತ್ತಿ ಹಿಡಿದೆ, ಅವರು ಕನ್ನಡಕ ಒರೆಸಿಕೊಂಡು ಬಗ್ಗಿದರು.