ಮುಂದಿನ ಚಕ್ರ ದಾಟಿತು ಅಂತ ಕಾಲಿಡಬೇಡಿ

ಚಿಕ್ಕಮಗಳೂರಿನಲ್ಲಿ ಮಳೆ ಹನಿದು ನಿಂತಾಗ, ಡ್ರೈವಿಂಗ್ ಕಲಿಯಲು ಬಂದವರನ್ನು ಹನುಮಂತಪ್ಪ ವೃತ್ತಕ್ಕೆ ಕರೆದೊಯ್ಯುತ್ತೇನೆ. ಓಡಿಸಲು ಅಲ್ಲ, ಸುಮ್ನೆ ನಿಂತು ನೋಡಲು. ಎಡಕ್ಕೆ ತಿರುಗಿದ ಬಸ್ಸಿನ ಟೈರ್ ಗುರುತು ಒದ್ದೆ ರಸ್ತೆಯಲ್ಲಿ ಸ್ವಲ್ಪ ಹೊತ್ತು ಕಾಣುತ್ತದೆ. ಒಂದು ಗೆರೆ ಮುಂದಿನ ಚಕ್ರದ್ದು. ಇನ್ನೊಂದು, ಫುಟ್‌ಪಾತಿಗೆ ಹತ್ತಿರವಾದದ್ದು, ಹಿಂದಿನ ಚಕ್ರದ್ದು.

ಸ್ಟೇರಿಂಗ್ ಮಾತು ಕೇಳುವುದು ಮುಂದಿನ ಚಕ್ರ ಮಾತ್ರ. ಹಿಂದಿನದು ಒಳದಾರಿ ಹಿಡಿಯುತ್ತದೆ. ಎಷ್ಟು ಒಳಗೆ? ಮುಂದಿನ, ಹಿಂದಿನ ಚಕ್ರಗಳ ನಡುವೆ 6 ಮೀಟರ್ ಇರುವ ಬಸ್ಸು ತಿರುಗುವಾಗ, ಅದರ ಮುಂದಿನ ಎಡ ಚಕ್ರ 10 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸಾಗಿದರೆ, ಹಿಂದಿನ ಎಡ ಚಕ್ರ 8 ಮೀಟರ್ ವೃತ್ತದಲ್ಲಿ ಸಾಗುತ್ತದೆ. ಅಂದರೆ 2 ಮೀಟರ್ ಒಳಗೆ. ಒಬ್ಬ ಆಳು ಉದ್ದಕ್ಕೆ ಮಲಗುವಷ್ಟು ಜಾಗ ಅದು. ಸಣ್ಣ ಕಾರಿಗೆ ಇದೇ ಲೆಕ್ಕ ಹಾಕಿದರೆ ಒಂದಡಿಯೂ ಬರುವುದಿಲ್ಲ. ಕಾರು ನೋಡಿ ಅಭ್ಯಾಸವಾದ ಕಣ್ಣು ಬಸ್ಸಿನ ಹತ್ತಿರ ಮೋಸ ಹೋಗುವುದು ಇಲ್ಲೇ. ಮುಂಭಾಗ ದಾಟಿತಲ್ಲ ಎಂದು ಒಂದು ಹೆಜ್ಜೆ ಇಡುತ್ತೇವೆ. ನನ್ನದೇ ಒಂದು ಚಪ್ಪಲಿ ಹೀಗೆ ಹೋಗಿದೆ. ಕಲಿಸುವವನ ಕಥೆಯೇ ಇದು!

ಡ್ರೈವರ್ ನೋಡುವುದಿಲ್ವಾ? ಅವನು ಕೂತಿರುವುದು ಬಲಗಡೆ, ಎತ್ತರದಲ್ಲಿ. ಎಡ ಬಾಗಿಲ ಬುಡದಲ್ಲಿ ನಿಂತ ಮಗು ಅವನಿಗೆ ಕನ್ನಡಿ ಇದ್ದರೂ ಕಾಣದೇ ಹೋಗಬಹುದು.

ಕಾರು ಬಲಕ್ಕೆ ತಿರುಗುವಾಗ ತೊಂದರೆ ಬೇರೆ. ಮುಂದಿನ ಗಾಜಿನ ಬಲ ಅಂಚಿನ ಕಂಬ ಡ್ರೈವರ್ ಮುಖಕ್ಕೆ ತೀರಾ ಹತ್ತಿರ. ರಸ್ತೆ ದಾಟುವವರು ಅದರ ಮರೆಯಲ್ಲೇ ನಡೆಯುತ್ತಾ ಹೋಗಬಹುದು, ಕಾರು ತಿರುಗಿದಂತೆ ಮರೆಯೂ ಅವರ ಜೊತೆಗೇ ಸರಿಯುತ್ತದೆ. ಅದಕ್ಕೇ ಕಲಿಯುವವರಿಗೆ ತಲೆ ಮುಂದೆ ಹಿಂದೆ ಆಡಿಸಿ ನೋಡಿ ಎನ್ನುತ್ತೇನೆ. ನಗುತ್ತಾರೆ, ಆಮೇಲೆ ಮಾಡುತ್ತಾರೆ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಬರುವವರ ಕಣ್ಣು ಮೊಬೈಲ್ ಮ್ಯಾಪಿನ ಮೇಲೂ ಇರುತ್ತದೆ, ಅವರಿಗೆ ಕಂಬದ ನೆನಪೆಲ್ಲಿ?

ವೇಗದ್ದು ಇನ್ನೊಂದು ಲೆಕ್ಕ. ತಿರುವಿನಲ್ಲಿ 18 ಕಿ.ಮೀ. ಬದಲು 36ರಲ್ಲಿ ಬಂದರೆ, ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮೂಲೆ ಅಗಲವಾಗಿ ದುಂಡಗಿದ್ದಷ್ಟೂ ಜನ ವೇಗ ಇಳಿಸದೆ ತಿರುಗುತ್ತಾರೆ. ರಸ್ತೆ ಅಗಲ ಮಾಡಿ ಎಂದು ಕೇಳುವವರು ಜಾಸ್ತಿ, ಮೂಲೆ ಬಿಗಿ ಮಾಡಿ ಎಂದು ಕೇಳಿದವರನ್ನು ನಾನಂತೂ ನೋಡಿಲ್ಲ.

ಈಗ ನಾನು ಮೂಲೆಯಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು, ಬಸ್ಸಿನ ಬಾಲ ಪೂರ್ತಿ ಹೋದ ಮೇಲೆ ದಾಟುತ್ತೇನೆ. ಅಷ್ಟರಲ್ಲಿ ಯಾರಾದರೂ ಆಟೋದವರು ಬಂದು "ಎಲ್ಲಿಗೆ ಸಾರ್?" ಅಂದಿರುತ್ತಾರೆ.